12 ವೋಲ್ಟ್ ಪವರ್ ಸಪ್ಲೈ ಲೋಡ್ ಹಾಕಿದರೆ ಕುಸಿಯುತ್ತಿದೆ: ರಿಪೇರಿ ಮಾಡಲೋ, ಬದಲಿಸಲೋ? ಅನುಭವ ಇದ್ದವರು ಹೇಳಿ

ಹೊಸಕೈ:
ಎಲ್ಲರಿಗೂ ನಮಸ್ಕಾರ. 12 ವೋಲ್ಟ್ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡೋ ನಾಲ್ಕು ಡಯೋಡ್‌ಗಳ ಬ್ರಿಡ್ಜ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 12 ವೋಲ್ಟ್ ಸ್ಥಿರವಾಗಿ ಕೊಡೋ 7812 ರೆಗ್ಯುಲೇಟರ್ ಐಸಿ. ಇಷ್ಟೇ ಸರ್ಕ್ಯೂಟ್. ಲೋಡ್ ಇಲ್ಲದಾಗ ಸರಿಯಾಗಿ 12 ತೋರಿಸುತ್ತೆ. ಚಿಕ್ಕ ಆಡಿಯೋ ಆಂಪ್ಲಿಫೈಯರ್ ಹಾಕಿ ಸೌಂಡ್ ಏರಿಸಿದರೆ (ಸುಮಾರು 0.8 ಆಂಪಿಯರ್ ಎಳೆಯುತ್ತೆ) 11ಕ್ಕಿಂತ ಕೆಳಗೆ ಬೀಳುತ್ತೆ, ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬರುತ್ತೆ. 7812 ಬದಲಿಸಿದೆ, ಅದೇ ಕಥೆ. ಇದನ್ನೇ ಸರಿ ಮಾಡಲೋ, ವೋಲ್ಟೇಜ್ ಹೊಂದಿಸಬಹುದಾದ ಎಲ್‌ಎಂ317 ರೆಗ್ಯುಲೇಟರ್ ಹಾಕಲೋ, ಎಸ್‌ಎಂಪಿಎಸ್‌ಗೆ (ವೇಗವಾಗಿ ಆನ್-ಆಫ್ ಮಾಡುತ್ತ ವೋಲ್ಟೇಜ್ ಇಳಿಸೋ ಸಪ್ಲೈ) ಹೋಗಲೋ? ನಿಮ್ಮ ಅನುಭವ ಏನು?

ಲೋಹದಟೋಪಿ:
ಎಸ್‌ಎಂಪಿಎಸ್ ಕಡೆ ತಲೆ ಹಾಕಬೇಡಿ. 723 ರೆಗ್ಯುಲೇಟರ್ ಐಸಿ, 2ಎನ್3055 ಪವರ್ ಟ್ರಾನ್ಸಿಸ್ಟರ್ ಹಾಕಿ ನಾನೇ ಕಟ್ಟಿದ 30 ವೋಲ್ಟ್ ಸಪ್ಲೈ ಇವತ್ತಿಗೂ ನನ್ನ ಮೇಜಿನ ಮೇಲಿದೆ. 723 ಅಂದರೆ 1967ರ ಸುಮಾರಿಗೆ ಬಂದ ಐಸಿ, ಇನ್ನೂ ಕೈ ಕೊಟ್ಟಿಲ್ಲ. ಆದರೆ ಆ ಸಪ್ಲೈ ನಿಲ್ಲುವ ಮಟ್ಟಕ್ಕೆ ಬರೋಷ್ಟರಲ್ಲಿ ನಾನು ಕಳಕೊಂಡಿದ್ದನ್ನು ಕೇಳಿ.

ಮೊದಲು ತಂದ 2ಎನ್3055ಗಳು ನಕಲಿ. ಮೇಲೆ ಹೆಸರು, ನಂಬರ್ ಎಲ್ಲ ಅಚ್ಚುಕಟ್ಟು. 5 ವೋಲ್ಟ್‌ಗೆ ಇಳಿಸಿ 2 ಆಂಪಿಯರ್ ಎಳೆದ ಕೂಡಲೇ ಕಲೆಕ್ಟರ್-ಎಮಿಟರ್ ಶಾರ್ಟ್. ಲೆಕ್ಕ ಹಾಕಿ: ಒಳಗೆ 38 ವೋಲ್ಟ್, ಹೊರಗೆ 5, 2 ಆಂಪಿಯರ್. 66 ವ್ಯಾಟ್ ಅದರ ತಲೆ ಮೇಲೆ. ಅಸಲಿ ಆಗಿದ್ದರೆ ತಡೆಯಬೇಕು. 115 ವ್ಯಾಟ್ ಅನ್ನೋದು ಕೇಸ್ 25 ಡಿಗ್ರಿಯಲ್ಲಿ ಇದ್ದಾಗಿನ ಮಾತು, 80 ಡಿಗ್ರಿಗೆ ಏರಿದರೆ ಸುಮಾರು 79ಕ್ಕೆ ಇಳಿಯುತ್ತೆ, ಆದರೂ ಸಾಕಾಗಬೇಕಿತ್ತು. ಸತ್ತದ್ದರ ಟೋಪಿಯನ್ನು ಗರಗಸದಲ್ಲಿ ಸುತ್ತ ಕೊಯ್ದು ತೆಗೆದೆ. ಅಷ್ಟು ದೊಡ್ಡ ಡಬ್ಬಿ ಒಳಗೆ ಎಳ್ಳಿನಷ್ಟು ಚಿಪ್, ಅದೂ ಒಂದು ಮೂಲೆಗೆ ಅಂಟಿಸಿದ್ದು. ಹಳೇ ಸ್ಟೀರಿಯೋದಿಂದ ಕಿತ್ತ ಅಸಲಿಯಲ್ಲಿ ಚಿಪ್ ಅದರ ಎಷ್ಟೋ ಪಟ್ಟು ಅಗಲ.

ಅದು ಸಾಯುವಾಗ ಒಂದೇ ಸಾಯಲಿಲ್ಲ. ಡ್ರೈವರ್ ಬಿಡಿ139 ಹೋಯ್ತು, ಎಮಿಟರ್ ರೆಸಿಸ್ಟರ್ ಕರಕಲಾಯ್ತು, ಪಾಸ್ ಟ್ರಾನ್ಸಿಸ್ಟರ್ (ಅದೇ 2ಎನ್3055) ಶಾರ್ಟ್ ಆಗಿದ್ದರಿಂದ 38 ವೋಲ್ಟ್ ನೇರವಾಗಿ ಹೊರಗೆ ಬಂದು ನಾನು ಟೆಸ್ಟ್ ಮಾಡ್ತಿದ್ದ ಮೈಕ್ರೋಕಂಟ್ರೋಲರ್ ಬೋರ್ಡ್ ಪೂರ್ತಿ ಹೋಯ್ತು. ಆ ಬೋರ್ಡ್ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಔಟ್‌ಪುಟ್ ಮೇಲೆ ಝೀನರ್ ಡಯೋಡ್, ಎಸ್‌ಸಿಆರ್ (ಸ್ವಿಚ್ ಥರದ ಬಿಡಿಭಾಗ), ಫ್ಯೂಸ್ ಸೇರಿಸಿ ಕ್ರೋಬಾರ್ ಅನ್ನೋ ರಕ್ಷಣೆ ಹಾಕಿದ್ದೇನೆ. ವೋಲ್ಟೇಜ್ ಮಿತಿ ದಾಟಿದರೆ ಎಸ್‌ಸಿಆರ್ ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತೆ. ಹೀಗೆ ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆಯೋ ಲೀನಿಯರ್ ಸಪ್ಲೈ ಕಟ್ಟೋರು ಇದನ್ನು ಬಿಡಲೇಬಾರದು.

ಹಸಿರುವೈರ್:
ಲೋಹದಟೋಪಿಯವರೇ, 66 ವ್ಯಾಟ್ ಬರೀ ಬಿಸಿಗೆ ಸುರಿದು ಅದನ್ನೇ ಹೆಮ್ಮೆಯಿಂದ ಹೇಳ್ತೀರಲ್ಲ! ಹಳೇ ಕಂಪ್ಯೂಟರ್‌ನ ಎಟಿಎಕ್ಸ್ ಸಪ್ಲೈ ಬಿಚ್ಚಿ ಬೆಂಚ್ ಸಪ್ಲೈ ಮಾಡಿಕೊಂಡವನು ನಾನು. ಹಸಿರು ವೈರನ್ನು ಕಪ್ಪಿಗೆ ಕೊಟ್ಟರೆ ಆನ್. 12, 5, 3.3 ಮೂರೂ ಸಿಗುತ್ತೆ, ಆಂಪಿಯರ್‌ಗೆ ಬರವಿಲ್ಲ.

ಕಷ್ಟ ಪಡಲಿಲ್ಲ ಅಂತಲ್ಲ. ಆನ್ ಆಗಿ ಕ್ಷಣದಲ್ಲೇ ಆಫ್ ಆಗ್ತಿತ್ತು. ತಲೆ ಕೆಡಿಸಿಕೊಂಡು ವೈರ್ ಒಂದೊಂದೇ ನೋಡ್ತಾ ಹೋದಾಗ ಗೊತ್ತಾಯ್ತು: ಕಿತ್ತಳೆ ವೈರ್ ಜೊತೆ ಒಂದು ತೆಳ್ಳನೆ ಕಂದು ವೈರ್ ಇರುತ್ತೆ, ಅದು 3.3 ವೋಲ್ಟ್ ಸರಿಯಾಗಿ ಬರ್ತಿದೆಯಾ ಅಂತ ನೋಡೋ ಸೆನ್ಸ್ ವೈರ್. ಕನೆಕ್ಟರ್ ಕತ್ತರಿಸಿದಾಗ ಅದು ಒಂಟಿಯಾಗಿ ನೇತಾಡ್ತಿತ್ತು. ಕಿತ್ತಳೆಗೆ ಸೇರಿಸಿದ ಮೇಲೆ ನಿಂತಿತು. ಆಮೇಲೆ 12 ವೋಲ್ಟ್ ಲೈನ್‌ಗೆ ಲೋಡ್ ಕೊಟ್ಟರೆ 11.3ಕ್ಕೆ ಇಳೀತಿತ್ತು. ಹಳೇ ಡಿಸೈನ್‌ಗಳಲ್ಲಿ 5 ವೋಲ್ಟ್ ಮೇಲೆ ಒಂದಿಷ್ಟು ಲೋಡ್ ಇಲ್ಲದಿದ್ದರೆ 12 ಸರಿಯಾಗಿ ಬರಲ್ಲ. ಅಲ್ಯೂಮಿನಿಯಂ ಮೈಯ ಪವರ್ ರೆಸಿಸ್ಟರ್ ಒಂದನ್ನು 5ಕ್ಕೆ ಕಾಯಂ ಕೂರಿಸಿದೆ. ಅಲ್ಲಿಂದ ತೊಂದರೆ ಇಲ್ಲ.

ಲೋಹದಟೋಪಿ:
ತೊಂದರೆ ಇಲ್ಲವಾ? ಅದರ ಪಕ್ಕ ಒಂದು ಎಎಂ ರೇಡಿಯೋ ಇಟ್ಟು ನೋಡಿ. ಕೇಳಿದವರು ಆಡಿಯೋ ಆಂಪ್ಲಿಫೈಯರ್‌ಗೆ ಬೇಕು ಅಂತಿದ್ದಾರೆ.

ಹಸಿರುವೈರ್:
ರೇಡಿಯೋಗೆ ಗಲಾಟೆ ಆಗುತ್ತೆ, ಒಪ್ಪಿದೆ. ಆಂಪ್ಲಿಫೈಯರ್‌ಗೆ ಅಲ್ಲ. ಸ್ವಿಚಿಂಗ್ ನಡೆಯೋದು ಕಿವಿಗೆ ಕೇಳದಷ್ಟು ಎತ್ತರದಲ್ಲಿ, ಒಂದು ಇಂಡಕ್ಟರ್, ಒಂದು ಒಳ್ಳೆ ಕೆಪಾಸಿಟರ್ ಹಾಕಿದರೆ ಮುಗೀತು. ನಿಮ್ಮ ಲೀನಿಯರ್‌ನ ಹಮ್ (ಆ ಗುಂಯ್ ಸದ್ದು) 100 ಹರ್ಟ್ಸ್‌ನಲ್ಲಿ, ಕಿವಿಗೇ ಬಂದು ಹೊಡೆಯುತ್ತೆ.

ನೂರುಹರ್ಟ್ಸ್:
ಇಬ್ಬರೂ ಸ್ವಲ್ಪ ನಿಲ್ಲಿ. ಅವರು ಕೇಳಿದ ಸರ್ಕ್ಯೂಟ್‌ನ ಲೆಕ್ಕವನ್ನು ಒಬ್ಬರೂ ಮಾಡಲಿಲ್ಲ.

12 ವೋಲ್ಟ್ ಎಸಿಯ ಶಿಖರ 17. ಬ್ರಿಡ್ಜ್‌ನಲ್ಲಿ ಎರಡು ಡಯೋಡ್ ತಿಂದರೆ ಕೆಪಾಸಿಟರ್ ಮೇಲೆ ಸುಮಾರು 15.5. ಅದು ಶಿಖರ ಮಾತ್ರ. ಮುಂದಿನ ಶಿಖರ ಬರೋವರೆಗೆ, ಅಂದರೆ 10 ಮಿಲಿಸೆಕೆಂಡ್‌ನ ಬಹುಪಾಲು, ಲೋಡ್ ಸಾಕೋದು ಕೆಪಾಸಿಟರ್ ಒಂದೇ. 0.8 ಆಂಪಿಯರ್‌ಗೆ 1000 ಮೈಕ್ರೋಫ್ಯಾರಡ್ ಇಟ್ಟರೆ ಒರಟು ಲೆಕ್ಕದಲ್ಲಿ 8 ವೋಲ್ಟ್ ರಿಪಲ್, ಅಂದರೆ ಏರಿಳಿತ. ನಿಜದಲ್ಲಿ ಸ್ವಲ್ಪ ಕಮ್ಮಿ, ಆದರೂ ಕಣಿವೆ (ಅತಿ ಕೆಳಗಿನ ಮಟ್ಟ) 9–10ರ ಹತ್ತಿರ. 7812ಗೆ ಒಳಗೆ ಸುಮಾರು 14 ಇದ್ದರೆ ಮಾತ್ರ ಹೊರಗೆ 12. ಸೆಕೆಂಡಿಗೆ 100 ಸಲ ಅದು ಕೈ ಚೆಲ್ಲುತ್ತೆ, ಆ ನೂರೇ ನಿಮಗೆ ಕೇಳ್ತಿರೋ ಗುಂಯ್. ಮೀಟರ್ ಸರಾಸರಿ ತೋರಿಸುತ್ತೆ, ಕಣಿವೆ ತೋರಿಸಲ್ಲ. 7812 ಬದಲಿಸಿದರೂ ಏನೂ ಆಗದಿದ್ದದ್ದು ಅದಕ್ಕೇ. ಎಲ್‌ಎಂ317 ಹಾಕಿದರೂ ಇದೇ ಕಣಿವೆ, ಅದಕ್ಕೂ ಎರಡು-ಮೂರು ವೋಲ್ಟ್ ಹೆಚ್ಚಿಗೆ ಬೇಕು.

ನನ್ನ ಆಂಪ್ಲಿಫೈಯರ್‌ನಲ್ಲಿ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೂ ಹಮ್ ಪೂರ್ತಿ ಹೋಗಲಿಲ್ಲ. ಗ್ರೌಂಡ್ ಎಲ್ಲಿಂದ ಎಳೆದಿದ್ದೀರಿ ನೋಡಿ. ಬ್ರಿಡ್ಜ್‌ನಿಂದ ಕೆಪಾಸಿಟರ್‌ಗೆ ಹೋಗೋ ವೈರ್‌ನಲ್ಲಿ ಚಾರ್ಜಿಂಗ್ ಕರೆಂಟ್ ಚೂಪಾದ ಹೊಡೆತಗಳಾಗಿ ಹರಿಯುತ್ತೆ. ಆಂಪ್ಲಿಫೈಯರ್ ಗ್ರೌಂಡನ್ನು ಆ ವೈರ್ ಮಧ್ಯೆ ಬೆಸೆದರೆ ಆ ಹೊಡೆತ ಸಿಗ್ನಲ್ ಒಳಗೆ ಬರುತ್ತೆ. ಕೆಪಾಸಿಟರ್ ಕಾಲಿನ ಆಚೆ, ರೆಗ್ಯುಲೇಟರ್ ಬದಿಯಿಂದ ಎಳೆದೆ. ಎರಡು ಇಂಚು ಜಾಗ ಬದಲಾಯಿತು, ಸದ್ದು ನಿಂತೇ ಹೋಯ್ತು.

ಇನ್ನೊಂದು ವಿಷಯ. 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಅಂದರೆ 1 ಆಂಪಿಯರ್ ಎಸಿ. ಬ್ರಿಡ್ಜ್, ಕೆಪಾಸಿಟರ್ ಆದ ಮೇಲೆ ಸತತವಾಗಿ ಸಿಗೋ ಡಿಸಿ ಸುಮಾರು 0.6. ಅದೂ ನಿಮಗೆ ಸಾಲದು. 15 ವೋಲ್ಟ್, 1.5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಹಾಕಿ. 7812ಗೆ ಹೀಟ್‌ಸಿಂಕ್ ದೊಡ್ಡದು ಬೇಕಾಗುತ್ತೆ.

ಅಲೆಗಾರ:
ಲೆಕ್ಕ ಯಾಕೆ, ವೋಲ್ಟೇಜಿನ ಅಲೆ ತೋರಿಸೋ ಆಸಿಲೋಸ್ಕೋಪ್ ಇಟ್ಟು ನೋಡಿದರೆ ಒಂದೇ ನಿಮಿಷದ ಕೆಲಸ. ನಾನು ಎಸ್‌ಎಂಪಿಎಸ್ ರಿಪೇರಿಗೂ ಸ್ಕೋಪ್ ಇಡ್ತೀನಿ. ಅರ್ಥ್ ಕ್ಲಿಪ್ ಕಚ್ಚಿಸಿದಾಗ ಢಂ ಅನ್ನಬಾರದು ಅಂದರೆ ಸ್ಕೋಪ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ. ಎಷ್ಟೋ ವರ್ಷದಿಂದ ಹೀಗೇ ಮಾಡ್ತಿದ್ದೇನೆ, ಏನೂ ಆಗಿಲ್ಲ.

ಸೀರೀಸ್‌ಬಲ್ಬ್:
ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಅರ್ಥ್ ಪಿನ್ ತೆಗೆದ ಸ್ಕೋಪ್‌ನ ಕ್ಲಿಪ್ಪನ್ನು ಪ್ರೈಮರಿ ಕಡೆ (ಮೇನ್ಸ್‌ಗೆ ನೇರವಾಗಿ ಸೇರಿದ ಭಾಗ) ಕಚ್ಚಿಸಿದರೆ ಸ್ಕೋಪ್‌ನ ಪೂರ್ತಿ ಮೈ, ಹೊರಗಿನ ಪ್ರತಿ ಬಿಎನ್‌ಸಿ ಸಾಕೆಟ್‌ನ ಲೋಹ, ಎಲ್ಲ ಕರೆಂಟಿಗೆ ಬರುತ್ತೆ. 230 ವೋಲ್ಟ್ ರೆಕ್ಟಿಫೈ ಆದರೆ 325 ವೋಲ್ಟ್ ಡಿಸಿ. ಮೇನ್ಸ್‌ನಿಂದ ಬೇರ್ಪಡಿಸೋ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬೇಕಾದ್ದು ರಿಪೇರಿಗೆ ಬಂದ ಸಪ್ಲೈಗೆ, ಸ್ಕೋಪ್‌ಗೆ ಅಲ್ಲ. ಇಲ್ಲವೇ ಅರ್ಥ್ ಕ್ಲಿಪ್ ಇಲ್ಲದೆ ಎರಡು ಬಿಂದುಗಳ ನಡುವೆ ಅಳೆಯೋ ಡಿಫರೆನ್ಷಿಯಲ್ ಪ್ರೋಬ್ ತಗೊಳ್ಳಿ. ಏನೂ ಆಗಿಲ್ಲ ಅನ್ನೋದು ಪುರಾವೆ ಅಲ್ಲ, ಸ್ವಾಮಿ. ನನ್ನ ಜೊತೆ ಕೆಲಸ ಮಾಡ್ತಿದ್ದವರ ಕೈಗೆ ಹೀಗೇ ಶಾಕ್ ಹೊಡೆದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಲೆಗಾರ:
ನಾನು ಹೇಳಿದ್ದು ಅನುಭವ ಇರೋರಿಗೆ. ಪಾಠ ಮಾಡಬೇಡಿ.

ಸೀರೀಸ್‌ಬಲ್ಬ್:
ಕೇಳಿದವರ ಹೆಸರೇ ಹೊಸಕೈ. ಅವರು ಓದ್ತಾರೆ ಅನ್ನೋದು ನಿಮ್ಮ ತಲೆಗೆ ಬರಲಿಲ್ವಾ?

ಹೊಸಕೈ:
ಸ್ಕೋಪ್ ನನ್ನ ಹತ್ತಿರ ಇಲ್ಲ. ನೂರುಹರ್ಟ್ಸ್ ಸರ್ ಹೇಳಿದ ರಿಪಲ್ ಕಾಣುತ್ತಾ ಅಂತ ಮೀಟರನ್ನು ಎಸಿಗೆ ತಿರುಗಿಸಿ ಕೆಪಾಸಿಟರ್ ಮೇಲೆ ಇಟ್ಟೆ. ಲೋಡ್ ಇಲ್ಲದೆಯೇ 38 ವೋಲ್ಟ್ ತೋರಿಸ್ತಿದೆ! ಡಿಸಿಯಲ್ಲಿ 17. ಪ್ರೋಬ್ ಅದಲು ಬದಲು ಮಾಡಿದರೆ ಎಸಿಯಲ್ಲಿ ಸೊನ್ನೆ. ಮೀಟರ್ ಕೆಟ್ಟಿದೆಯಾ?

ಲೋಹದಟೋಪಿ:
ಬ್ರಿಡ್ಜ್‌ನ ಡಯೋಡ್ ಒಂದು ಹೋಗಿರಬೇಕು. ನನ್ನದರಲ್ಲಿ ಒಂದು ಸಲ ಹಾಗಾಗಿತ್ತು, ಬಿಚ್ಚಿ ನಾಲ್ಕನ್ನೂ ಬೇರೆ ಬೇರೆ ಅಳೀಬೇಕಾಯ್ತು.

ನೂರುಹರ್ಟ್ಸ್:
ಡಯೋಡ್ ಅಲ್ಲ, ಮೀಟರೂ ಕೆಟ್ಟಿಲ್ಲ. ಸಾದಾ ಮೀಟರ್‌ಗಳ ಎಸಿ ರೇಂಜ್‌ನಲ್ಲಿ ಒಳಗೆ ಒಂದೇ ಡಯೋಡ್, ಡಿಸಿ ತಡೆಯೋ ಕೆಪಾಸಿಟರ್ ಇರಲ್ಲ. ಅರ್ಧ ಅಲೆ ನೋಡಿ 2.22ರಿಂದ ಗುಣಿಸಿ ತೋರಿಸುತ್ತೆ. 17ನ್ನು ಗುಣಿಸಿ, 38 ಹತ್ತಿರ ಬರುತ್ತೆ. ತಿರುಗಿಸಿ ಹಿಡಿದಾಗ ಡಯೋಡ್ ಅಡ್ಡ ನಿಲ್ಲುತ್ತೆ, ಸೊನ್ನೆ. ಕೆಂಪು ಪ್ರೋಬ್ ಜೊತೆ ಸೀರೀಸ್‌ನಲ್ಲಿ 1 ಮೈಕ್ರೋಫ್ಯಾರಡ್ ಪಾಲಿಯೆಸ್ಟರ್ ಕೆಪಾಸಿಟರ್ ಹಿಡಿದು, ಲೋಡ್ ಹಾಕಿ ಅಳೆಯಿರಿ. ಬರೋ ಸಂಖ್ಯೆ ನಿಖರ ಅಲ್ಲ, ಆದರೆ ಒಂದೂವರೆ-ಎರಡು ವೋಲ್ಟ್ ಕಂಡರೂ ರಿಪಲ್ ಗರಗಸದ ಹಲ್ಲಿನ ಹಾಗೆ ಐದಾರು ವೋಲ್ಟ್ ಏರಿಳಿಯುತ್ತಿದೆ ಅಂತಲೇ ಅರ್ಥ.

ಹಸಿರುವೈರ್:
ಇಷ್ಟೆಲ್ಲ ಮಾಡೋ ಬದಲು ಒಂದು ಎಟಿಎಕ್ಸ್ ಹುಡುಕಿ ಅಂತ ಈಗಲೂ ಹೇಳ್ತೀನಿ. ಆದರೆ ಬಿಚ್ಚೋ ಮೊದಲು ದೊಡ್ಡ ಕೆಪಾಸಿಟರ್‌ನಲ್ಲಿ ಎಷ್ಟು ವೋಲ್ಟ್ ಉಳಿದಿದೆ ಅಂತ ಮೀಟರ್‌ನಲ್ಲಿ ನೋಡಿಕೊಳ್ಳಿ, ರೆಸಿಸ್ಟರ್ ಮೂಲಕ ಇಳಿಸಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡೋರ ಮಾತು ಕೇಳಬೇಡಿ.

ಲೋಹದಟೋಪಿ:
ನೋಡಿದ್ರಾ, ಬಿಚ್ಚೋಕೇ ಇಷ್ಟು ಹೆದರಿಕೆ. 7812 ಸರ್ಕ್ಯೂಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಆಚೆಗಿನ ಸೆಕೆಂಡರಿ ಕಡೆ ಎಲ್ಲಿ ಕೈ ಇಟ್ಟರೂ ಜೀವಕ್ಕೆ ಅಪಾಯ ಇಲ್ಲ. ಕಲಿಯೋರಿಗೆ ಅದೇ ಸರಿ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್, 4700 ಕೆಪಾಸಿಟರ್, ಅಷ್ಟೇ ಮಾಡಿ. ಕೆಪಾಸಿಟರ್ 35 ವೋಲ್ಟಿನದು ತಗೊಳ್ಳಿ, 25 ಬೇಡ. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಬರೆದಿದ್ದಕ್ಕಿಂತ ಜಾಸ್ತಿ ಕೊಡುತ್ತೆ, 25ರ ಅಂಚಿಗೇ ಹೋಗಿ ನಿಲ್ಲುತ್ತೆ.

ಹೊಸಕೈ:
ಕೆಪಾಸಿಟರ್ ಸೀರೀಸ್ ಹಾಕಿ ಅಳೆದೆ. ಲೋಡ್ ಇಲ್ಲದಾಗ ಸೊನ್ನೆಯ ಆಸುಪಾಸು, ಸೌಂಡ್ ಏರಿಸಿದರೆ 1.8. ಟ್ರಾನ್ಸ್‌ಫಾರ್ಮರ್ ಬದಲಿಸ್ತೀನಿ. ಹಳೇದನ್ನು ಎಸೆಯೋ ಬದಲು 7805 ಹಾಕಿ 5 ವೋಲ್ಟ್‌ಗೆ ಬಳಸಬಹುದಾ?

ನೂರುಹರ್ಟ್ಸ್:
ಧಾರಾಳವಾಗಿ. 7805ಗೆ ಒಳಗೆ 7 ಸಾಕು, ಆ ಕಣಿವೆ ಅದನ್ನು ಮುಟ್ಟಲ್ಲ. ಅರ್ಧ ಆಂಪಿಯರ್ ಒಳಗೆ ಇಟ್ಟುಕೊಳ್ಳಿ. ಇನ್‌ಪುಟ್ ಕಾಲಿಗೆ ಒತ್ತಿದ ಹಾಗೆ 0.33 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ, ವೈರ್ ಉದ್ದ ಇದ್ದರೆ ಅದಿಲ್ಲದೆ ಆಸಿಲೇಟ್ ಆಗಬಹುದು (ಔಟ್‌ಪುಟ್ ತಾನಾಗೇ ಏರಿಳಿಯಬಹುದು).