ಒಸಡು ಊದಿದೆ ಅಂತ ಫಿಟ್ಸ್ ಮಾತ್ರೆ ಬಿಡಬಹುದಾ?

ಪ್ರಶ್ನೆ (ಶ್ರೀನಿವಾಸಪುರ ಕಡೆಯ ತಾಯಿ):
ನಮಸ್ಕಾರ ಡಾಕ್ಟ್ರೇ. ನನ್ನ ಮಗನಿಗೆ 19 ವರ್ಷ. ಒಂದೂವರೆ ವರ್ಷದಿಂದ ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ತಗೊಳ್ತಿದ್ದಾನೆ. ಒಂದು ವರ್ಷ ಫಿಟ್ಸ್ ಬಂದಿರಲಿಲ್ಲ. ಆದರೆ ಒಸಡು ಊದಿ ಹಲ್ಲಿನ ಮೇಲೆ ಬಂದಿದೆ. ಹಲ್ಲುಜ್ಜಿದರೆ ರಕ್ತ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾನೆ. ಹೋದ ವಾರ ನಮಗೆ ಹೇಳದೆ ಮಾತ್ರೆ ಬಿಟ್ಟಿದ್ದ. ನಾಲ್ಕನೇ ದಿನ ಫಿಟ್ಸ್ ಬಂತು. ಪಕ್ಕದ ಮನೆಯವರು ಕೈಗೆ ಬೀಗದ ಕೈ ಹಿಡಿಸಿದರು. ಈಗ ಮತ್ತೆ ಮಾತ್ರೆ ಕೊಡುತ್ತಿದ್ದೇವೆ. ಈ ಮಾತ್ರೆ ಕಾಯಿಲೆ ವಾಸಿ ಮಾಡುತ್ತಾ, ಸುಮ್ನೆ ತಡೆಯುತ್ತಾ?

ಉತ್ತರ (ನರರೋಗ ವೈದ್ಯರು):
ಅಮ್ಮ, ಮೊದಲು ಮಗನನ್ನು ಬೈಯಬೇಡಿ. ಆ ವಯಸ್ಸಿನಲ್ಲಿ ನಗು ಮುಚ್ಚಿಕೊಂಡು ಓಡಾಡುವುದು ದೊಡ್ಡ ಸಂಕಟ.

ಮಾತ್ರೆ ತಡೆಯುತ್ತದೆ. ಹೇಗೆ ಅಂದರೆ, ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಅದಕ್ಕೆ ಕೋಶದ ಗೋಡೆಯಲ್ಲಿ ಸೋಡಿಯಂ ನುಗ್ಗುವ ದಾರಿಗಳಿವೆ, ಕೆರೆಗೆ ತೂಬು ಇದ್ದ ಹಾಗೆ. ಫಿಟ್ಸ್ ಬಂದಾಗ ಕೆಲವು ಕೋಶಗಳು ಬಿಡುವಿಲ್ಲದೆ ತೂಬು ಎತ್ತುತ್ತಲೇ ಇರುತ್ತವೆ. ಅಕ್ಕಪಕ್ಕದ ಕೋಶಗಳೂ ಸೇರಿಕೊಳ್ಳುತ್ತವೆ. ಫೆನಿಟಾಯಿನ್ ಮುಚ್ಚಿದ ತೂಬನ್ನು ಇನ್ನೊಂದು ಚೂರು ಹೊತ್ತು ಹಿಡಿದಿಡುತ್ತದೆ. ನಿಧಾನವಾಗಿ ಕೆಲಸ ಮಾಡುವ ಕೋಶಕ್ಕೆ ಅದು ಅಷ್ಟು ತಟ್ಟುವುದಿಲ್ಲ, ಅವಸರದ ಕೋಶಕ್ಕೆ ಮಾತ್ರ ಅಡ್ಡ ಬೀಳುತ್ತದೆ. ರಕ್ತದಲ್ಲಿ ಔಷಧಿ ಇರುವವರೆಗೆ ಮಾತ್ರ ಈ ಕಾವಲು. ನಾಲ್ಕು ದಿನ ಬಿಟ್ಟಾಗ ಅದೇ ಹೋಯಿತು. ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಕೂಡ ಬರಬಹುದು. ಐದು ನಿಮಿಷ ದಾಟಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ಬೀಗದ ಕೈಯಿಂದ ಏನೂ ಆಗುವುದಿಲ್ಲ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ.

ಒಸಡಿನ ವಿಷಯ. 1938ರಿಂದ ಬಳಕೆಯಲ್ಲಿರುವ ಈ ಔಷಧಿಗೆ ಒಸಡು ಬೆಳೆಸುವ ಗುಣ ಇದೆ ಅನ್ನುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ದಿನಕ್ಕೆ ಎರಡು ಸಲ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ, ದಂತವೈದ್ಯರಲ್ಲಿ ಹಲ್ಲು ಕ್ಲೀನ್ ಮಾಡಿಸಿದರೆ ಸ್ವಲ್ಪ ಇಳಿಯುತ್ತದೆ. ಇಷ್ಟು ಬೆಳೆದಿದ್ದರೆ ಮಾತ್ರೆ ಬದಲಿಸುವುದೇ ವಾಸಿ ಅಂತ ನನಗನ್ನಿಸುತ್ತದೆ. ಬದಲಿಸಿದ ಮೇಲೆ ಕೆಲವು ತಿಂಗಳಲ್ಲಿ ಒಸಡು ಸಾಮಾನ್ಯವಾಗಿ ಇಳಿಯುತ್ತದೆ. ಲೆವೆಟಿರಾಸಿಟಮ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆಯಿಂದ ಒಸಡಿಗೆ ಈ ತೊಂದರೆ ಇಲ್ಲ, ಆದರೆ ಕೆಲವರಿಗೆ ಸಿಡುಕು, ಮಂಕು ಬರುತ್ತದೆ. ಹೊಸದನ್ನು ಶುರು ಮಾಡಿ, ಹಳೆಯದನ್ನು ನಿಧಾನವಾಗಿ ಇಳಿಸಬೇಕು. ಅದು ನಿಮ್ಮ ಡಾಕ್ಟರ್ ಕೈಯಲ್ಲೇ ಆಗಬೇಕು. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ಶುರುವಾದ ಮೆದುಳು ಆರೋಗ್ಯ ಕ್ಲಿನಿಕ್ ಇದೆ, ಅಲ್ಲೂ ತೋರಿಸಬಹುದು. ಮಾತ್ರೆಯ ಖಾಲಿ ಸ್ಟ್ರಿಪ್ ಕೂಡ ತಗೊಂಡು ಹೋಗಿ.

ಇನ್ನೊಂದು ಮಾತು. ಫೆನಿಟಾಯಿನ್ ಡೋಸ್ ಚೂರೇ ಏರಿಸಿದರೂ ರಕ್ತದಲ್ಲಿ ತುಂಬಾ ಏರಿಬಿಡಬಹುದು. ನಡೆಯುವಾಗ ತೂರಾಡಿದರೆ, ಒಂದು ಎರಡಾಗಿ ಕಂಡರೆ ಜಾಸ್ತಿ ಆಗಿದೆ ಅಂತಲೇ ಅನುಮಾನಿಸಿ. ತಪ್ಪಿಹೋದ ಮಾತ್ರೆಗೆ ಬದಲಾಗಿ ಎರಡೆರಡು ಕೊಡಬೇಡಿ.

ಪ್ರಶ್ನೆ (ಗೌರಿಬಿದನೂರಿನ ಅಕ್ಕ):
ನಡುವೆ ಕೇಳ್ತಿದ್ದೀನಿ ಸಾರ್. ತಂಗಿಗೆ ಫಿಟ್ಸ್‌ಗೆ ವಾಲ್ಪ್ರೊಯೇಟ್ ಮಾತ್ರೆ ಕೊಡುತ್ತಿದ್ದಾರೆ. ಮದುವೆ ಗೊತ್ತಾಗಿದೆ.

ಉತ್ತರ:
ಈಗಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಬಸಿರಿನಲ್ಲಿ ಈ ಮಾತ್ರೆ ತೆಗೆದುಕೊಂಡರೆ ನೂರರಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ತೊಂದರೆ ಬರಬಹುದು. 30ರಿಂದ 40 ಮಕ್ಕಳ ಕಲಿಕೆ, ಬೆಳವಣಿಗೆ ಹಿಂದೆ ಬೀಳಬಹುದು. ಹೆದರಿ ತಾನಾಗಿ ಬಿಡಬಾರದು. ಮದುವೆಗೆ ಮುಂಚೆಯೇ ಡಾಕ್ಟರ್ ಹತ್ತಿರ ಕುಳಿತು ಬದಲಿ ಮಾತ್ರೆ, ಫೋಲಿಕ್ ಆಸಿಡ್ ಎರಡನ್ನೂ ಮಾತಾಡಲಿ.

ಮೊದಲ ತಾಯಿ:
ಸೋಮವಾರ ಕೋಲಾರಕ್ಕೆ ಹೋಗ್ತೀವಿ ಡಾಕ್ಟ್ರೇ. ಮಾವಿನ ಕೊಯ್ಲಿಗೆ ಮರ ಹತ್ತಬಹುದಾ ಅಂತ ಮಗ ಕೇಳ್ತಾನೆ.

ಉತ್ತರ:
ಈ ವರ್ಷ ಬೇಡ. ಮರ, ಬಾವಿ, ಕೃಷಿ ಹೊಂಡ, ಬೈಕ್ ನಾಲ್ಕೂ ಬೇಡ. ಕೆಳಗೆ ಕೂತು ಕಾಯಿ ಆರಿಸಲಿ.