ಅಪ್‌ಡೇಟ್: ಕೊನೆಗೂ 20 ಇಂಚಿನದ್ದೇ ತಗೊಂಡೆ

ಅರ್ಧ ದಾರಿ ರೈಲು, ಉಳಿದದ್ದು ಸೈಕಲ್, ವಾಪಸ್ ಬರುವಾಗ ದಿನಸಿ. ಇಷ್ಟಕ್ಕೆ 16 ಇಂಚಿನ ಚಕ್ರದ ಫೋಲ್ಡಿಂಗ್ ಸೈಕಲ್ಲೋ, 20 ಇಂಚಿನದ್ದೋ ಅಂತ ಕೇಳಿದ್ದೆನಲ್ಲ? ಮೂರು ತಿಂಗಳಾಯ್ತು, ಹೇಳಿಬಿಡ್ತೀನಿ.

"ಮೊದಲು ಮಡಚಿ ನೋಡು, ಎತ್ತಿ ನೋಡು, ಆಮೇಲೆ ತುಳಿ" ಅಂದವರಿಗೆ ದೊಡ್ಡ ನಮಸ್ಕಾರ. 16 ಇಂಚಿನದ್ರಲ್ಲಿ ನೋಡಿದ್ದು ಬ್ರಾಂಪ್ಟನ್ ಕಂಪನಿಯ ಸೈಕಲ್, ಮಡಚಿದ್ರೆ ಪುಟಾಣಿ ಗಂಟು. ಚೈನು ಚಕ್ರಗಳ ನಡುವೆ ಅಡಗೋದ್ರಿಂದ ಪ್ಯಾಂಟಿಗೆ ಗ್ರೀಸ್ ಅಂಟಲ್ಲ. ಮನಸ್ಸು ಅಲ್ಲೇ ಇತ್ತು. ಆದ್ರೆ ನನ್ನ ದಾರಿ ತುಂಬ ಗುಂಡಿ, ಸಣ್ಣ ಚಕ್ರ ಒಂದೊಂದನ್ನೂ ಸೊಂಟಕ್ಕೆ ವರದಿ ಮಾಡುತ್ತೆ. ಹಾಗಾಗಿ 20 ಇಂಚಿನದ್ದು (ಟೈರು ಸೇರಿ ಸುಮಾರು 20 ಇಂಚು, ರಿಮ್ಮಿನ ಅಳತೆ 406 ಮಿ.ಮೀ.). ಹುಡುಗರು ಸ್ಟಂಟ್ ಮಾಡೋ ಬಿಎಂಎಕ್ಸ್ ಸೈಕಲ್ಲುಗಳಿಗೂ ಸಾಮಾನ್ಯವಾಗಿ ಇದೇ ಅಳತೆ, ಟೈರು-ಟ್ಯೂಬಿಗೆ ಪರದಾಡಬೇಕಿಲ್ಲ.

ತೂಕ 12 ಕೆ.ಜಿ. ಒಂದು ಮಹಡಿ ಹತ್ತಿಸೋದು ಆರಾಮ, ಎರಡನೇದಕ್ಕೆ ಏದುಸಿರು ಬಿಡ್ತೀನಿ.

ಯಾರೂ ಹೇಳದೇ ಇದ್ದದ್ದು: ಹಿಂದಿನ ಕ್ಯಾರಿಯರ್‌ಗೆ ಪಕ್ಕದ ಚೀಲ ನೇತುಹಾಕಿದ್ರೆ ಪೆಡಲ್ ತುಳಿದಾಗಲೆಲ್ಲ ಹಿಮ್ಮಡಿ ಠಕ್ ಅಂತ ತಾಗುತ್ತೆ. ಫ್ರೇಮು ಹಿಂದೆ ಗಿಡ್ಡ, ಅದಕ್ಕೇ. ಚೀಲವನ್ನ ನಾಲ್ಕು ಬೆರಳು ಹಿಂದಕ್ಕೆ ಸರಿಸಿದ್ಮೇಲೆ ಸರಿಹೋಯ್ತು.

ಮೊದಲ ವಾರ ಸೀಟು ಮೆಲ್ಲಗೆ ಕೆಳಗಿಳೀತಿತ್ತು, ಮೊಣಕಾಲು ನೋವು ಬಂದಾಗಲೇ ಗೊತ್ತಾಗಿದ್ದು. ಸೀಟ್ ಕಂಬ ಒರೆಸಿ, ಕ್ಲ್ಯಾಂಪ್ ಬಿಗಿಮಾಡಿ, ಎತ್ತರಕ್ಕೆ ಟೇಪಿನ ಗುರುತು ಹಾಕಿದೆ. ಹ್ಯಾಂಡಲ್ ಬುಡದ ಲಾಕ್ ಮಾತ್ರ ಹೊರಡೋ ಮುಂಚೆ ದಿನಾ ಅಲ್ಲಾಡಿಸಿ ನೋಡ್ತೀನಿ.

ಮಡ್‌ಗಾರ್ಡ್ ಗಡಗಡ ಇನ್ನೂ ನಿಂತಿಲ್ಲ. ಅದಕ್ಕೇನಾದ್ರೂ ಮದ್ದಿದ್ರೆ ಹೇಳಿ.