ಟ್ವಿನ್ ಪೀಕ್ಸ್, ಎಕ್ಸ್ ಫೈಲ್ಸ್: ಯಾವುದನ್ನು ಮೊದಲು ತೋರಿಸಬೇಕು?

ಪ್ರಶ್ನೆ – ವಿದ್ಯಾನಗರ, ದಾವಣಗೆರೆ

ಪದವಿ ಓದುತ್ತಿರುವ ಕೆಲವು ವಿದ್ಯಾರ್ಥಿಗಳು ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಸೇರಿ ಹಳೆಯ ವಿದೇಶಿ ಧಾರಾವಾಹಿಗಳನ್ನು ನೋಡಿ ಚರ್ಚಿಸುತ್ತಾರೆ. ಮುಂದಿನ ತಿಂಗಳಿನಿಂದ ‘ಟ್ವಿನ್ ಪೀಕ್ಸ್’ ಮತ್ತು ‘ದಿ ಎಕ್ಸ್ ಫೈಲ್ಸ್’ ಎರಡನ್ನೂ ಜೊತೆಯಲ್ಲಿಯೇ ತೋರಿಸಬೇಕೆಂದಿದ್ದೇನೆ. ಇವೆರಡಕ್ಕೂ ಹತ್ತಿರದ ನಂಟಿದೆ ಎನ್ನುತ್ತಾರೆ. ಅದರಲ್ಲಿ ಗಟ್ಟಿಯಾದದ್ದು ಎಷ್ಟು, ಮೇಲ್ನೋಟಕ್ಕೆ ಕಾಣುವುದು ಎಷ್ಟು, ಹೊಸಬರಿಗೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ಚಿತ್ರದುರ್ಗ

ಸರ್, ನಾನು ಇಂಗ್ಲಿಷ್ ಅಧ್ಯಾಪಕಿ. ಇವೆರಡನ್ನೂ ವಿದ್ಯಾರ್ಥಿಗಳಿಗೆ ತೋರಿಸಿದ ಅನುಭವದಿಂದ ಹೇಳುತ್ತಿದ್ದೇನೆ. ಎರಡರ ಮೊದಲ ಕಂತುಗಳನ್ನು ಒಂದೇ ಸಂಜೆ ಹಾಕಿ. ಆದರೆ ಟ್ವಿನ್ ಪೀಕ್ಸ್ ಮೊದಲು ಇರಲಿ. 1990ರ ಏಪ್ರಿಲ್ 8ರಂದು ಪ್ರಸಾರವಾದ ಆ ಕಂತಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಲಾರಾ ಪಾಮರ್ ಎಂಬ ಹುಡುಗಿಯ ಶವ ನೀರಿನ ದಡದಲ್ಲಿ ಸಿಗುತ್ತದೆ. 1993ರ ಸೆಪ್ಟೆಂಬರ್ 10ರಂದು ಆರಂಭವಾದ ಎಕ್ಸ್ ಫೈಲ್ಸ್‌ನಲ್ಲಿ ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಯುವತಿಯೊಬ್ಬಳು ಸಾಯುತ್ತಾಳೆ. ಎರಡು ಕಡೆಯೂ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನವರು ಹೊರಗಿನಿಂದ ಬರುತ್ತಾರೆ, ಮತ್ತು ಎರಡು ಕಡೆಯೂ ಊರಿನ ದೊಡ್ಡವರು ತಮಗೆ ಗೊತ್ತಿರುವುದನ್ನು ಬಾಯಿ ಬಿಡುವುದಿಲ್ಲ. ಟ್ವಿನ್ ಪೀಕ್ಸ್‌ನ ಎಫ್‌ಬಿಐ ಅಧಿಕಾರಿ ಕೂಪರ್ ತಾನು ಕಂಡದ್ದನ್ನೆಲ್ಲ ಕೈಯಲ್ಲಿರುವ ಟೇಪ್ ರೆಕಾರ್ಡರ್‌ಗೆ ಹೇಳಿ ಡಯಾನ್ ಎಂಬಾಕೆಗೆ ತಲುಪಿಸುತ್ತಾನೆ. ಎಕ್ಸ್ ಫೈಲ್ಸ್‌ನ ಅಧಿಕಾರಿ ಸ್ಕಲ್ಲಿ ಕಂಪ್ಯೂಟರ್ ಮುಂದೆ ಕುಳಿತು ವರದಿ ಬರೆಯುತ್ತಾಳೆ. ಇಷ್ಟನ್ನು ನೀವು ಹೇಳಿಕೊಡಬೇಕಾಗಿಲ್ಲ, ಹುಡುಗರೇ ಗುರುತಿಸುತ್ತಾರೆ.

ಅವರು ತಾವಾಗಿಯೇ ಗುರುತಿಸಲಾರದ ನಂಟು ಟ್ವಿನ್ ಪೀಕ್ಸ್‌ನ ಎರಡನೆಯ ಸೀಸನ್ನಿನ ಆರಂಭದಲ್ಲಿದೆ. ವಾಯುಪಡೆಯ ಮೇಜರ್ ಬ್ರಿಗ್ಸ್ ರಾತ್ರಿ ಹೊತ್ತು ಕೂಪರ್ ತಂಗಿರುವ ಹೋಟೆಲ್ ಕೋಣೆಗೆ ಬಂದು, ದೂರದ ನಕ್ಷತ್ರಲೋಕಗಳತ್ತ ತಿರುಗಿಸಿಟ್ಟ ಯಂತ್ರಗಳು ಹಿಡಿದ ಸಂಕೇತಗಳ ಕಾಗದವನ್ನು ತೆರೆದು ತೋರಿಸುತ್ತಾರೆ. ಸಾಲುಸಾಲಾಗಿ ಅರ್ಥವಿಲ್ಲದ ಅಕ್ಷರಗಳು. ಅವುಗಳ ನಡುವೆ ಇದ್ದಕ್ಕಿದ್ದಂತೆ, ಗೂಬೆಗಳು ಕಾಣುವಂತೆ ಇಲ್ಲ ಎಂಬ ಒಂದು ವಾಕ್ಯ. ಆಮೇಲೆ ಕೂಪರ್‌ನದೇ ಹೆಸರು, ಮತ್ತೆ ಮತ್ತೆ. ಅದು ಬಂದದ್ದು ಕೂಪರ್‌ಗೆ ಗುಂಡೇಟು ಬಿದ್ದ ಹೊತ್ತಿನಲ್ಲಿ. ಮುಂದೆ ಬ್ರಿಗ್ಸ್ ‘ಪ್ರಾಜೆಕ್ಟ್ ಬ್ಲೂ ಬುಕ್’ನಲ್ಲಿ ಕೆಲಸ ಮಾಡಿದ್ದವರೆಂದೂ ತಿಳಿಯುತ್ತದೆ. ಅಮೆರಿಕದ ವಾಯುಪಡೆ ಹಾರುವ ತಟ್ಟೆಗಳ ವರದಿಗಳನ್ನು ಪರಿಶೀಲಿಸಲು 1952ರಿಂದ 1969ರವರೆಗೆ ನಿಜವಾಗಿಯೂ ನಡೆಸಿದ ಯೋಜನೆ ಅದು. ಕಾಡಿನ ದೆವ್ವದ ಕಥೆ ಆಕಾಶದ ಕಡೆಗೆ, ಸರ್ಕಾರದ ಗುಟ್ಟಿನ ಕಡತದ ಕಡೆಗೆ ಹೊರಳುವುದು ಈ ಜಾಗದಲ್ಲಿಯೇ. ಎಕ್ಸ್ ಫೈಲ್ಸ್‌ನ ಬೀಜವನ್ನು ಹುಡುಕುವವರು ಇಲ್ಲಿ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ – ಪಿ.ಜೆ. ಬಡಾವಣೆ, ದಾವಣಗೆರೆ

ಮೇಡಂ ಹೇಳಿದ್ದಕ್ಕೆ ನಟರ ವಿಷಯವನ್ನು ಸೇರಿಸುತ್ತೇನೆ. ಎಕ್ಸ್ ಫೈಲ್ಸ್‌ನಲ್ಲಿ ಸ್ಕಲ್ಲಿಯ ಜೊತೆಗಾರ ಮಲ್ಡರ್ ಪಾತ್ರದ ಡೇವಿಡ್ ಡುಕೋವ್ನಿ ಅದಕ್ಕೂ ಮೊದಲು ಟ್ವಿನ್ ಪೀಕ್ಸ್‌ನ ಮೂರು ಕಂತುಗಳಲ್ಲಿ ಮಾದಕವಸ್ತು ತಡೆ ಇಲಾಖೆಯ ಅಧಿಕಾರಿಣಿ ಡೆನಿಸ್ ಬ್ರೈಸನ್ ಆಗಿದ್ದರು. 2017ರ ಹೊಸ ಸೀಸನ್ನಿಗೂ ಅದೇ ಪಾತ್ರದಲ್ಲಿ ಮರಳಿದರು. ಟ್ವಿನ್ ಪೀಕ್ಸ್‌ನಲ್ಲಿ ಡೆಪ್ಯುಟಿ ಹಾಕ್ ಆಗಿದ್ದ ಮೈಕಲ್ ಹಾರ್ಸ್ ಎಕ್ಸ್ ಫೈಲ್ಸ್‌ನ ‘ಶೇಪ್ಸ್’ ಕಂತಿನಲ್ಲಿ ಶೆರಿಫ್. ಕೆಂಪು ಪರದೆಯ ಕೋಣೆಯಲ್ಲಿ ಕುಣಿಯುವ ಕುಳ್ಳ ವ್ಯಕ್ತಿಯಾಗಿದ್ದ ಮೈಕಲ್ ಆಂಡರ್ಸನ್ 1995ರ ‘ಹಂಬಗ್’ ಕಂತಿನಲ್ಲಿ ಹೋಟೆಲ್ ವ್ಯವಸ್ಥಾಪಕ. ನೀವು ಸರ್ಕಸ್ಸಿನಲ್ಲಿದ್ದಿರಾ ಎಂದು ಮಲ್ಡರ್ ಕೇಳಿದಾಗ, ಆಕಾರ ನೋಡಿ ಮನುಷ್ಯನನ್ನು ಅಳೆಯುವುದು ಸರಿಯೇ ಎಂದು ಅವರು ತಿರುಗಿಸಿ ಕೊಡುವ ಉತ್ತರವನ್ನು ವಿದ್ಯಾರ್ಥಿಗಳು ಕೇಳಲೇಬೇಕು.

ಇವೆಲ್ಲಕ್ಕಿಂತ ದೊಡ್ಡದು ಮೇಜರ್ ಬ್ರಿಗ್ಸ್ ಪಾತ್ರದ ಡಾನ್ ಎಸ್. ಡೇವಿಸ್ ಅವರದು. 1994ರ ‘ಬಿಯಾಂಡ್ ದಿ ಸೀ’ ಕಂತಿನಲ್ಲಿ ಅವರು ಸ್ಕಲ್ಲಿಯ ತಂದೆ, ನೌಕಾಪಡೆಯ ಕ್ಯಾಪ್ಟನ್. ಸೋಫಾದಲ್ಲಿ ನಿದ್ದೆಹೋಗಿದ್ದ ಸ್ಕಲ್ಲಿ ಕಣ್ಣು ಬಿಟ್ಟಾಗ ಎದುರಿನ ಕುರ್ಚಿಯಲ್ಲಿ ತಂದೆ ಕುಳಿತಿರುತ್ತಾರೆ, ತುಟಿ ಆಡುತ್ತಿರುತ್ತದೆ, ದನಿ ಮಾತ್ರ ಇಲ್ಲ. ಅಷ್ಟರಲ್ಲಿ ಫೋನ್ ಬರುತ್ತದೆ: ತಂದೆ ತೀರಿಕೊಂಡಿದ್ದಾರೆ. ಅಲ್ಲಿಯವರೆಗೆ ಯಾವುದನ್ನೂ ನಂಬದ ವೈದ್ಯೆ ಆ ಕಂತಿನಲ್ಲಿ ನಂಬುವ ಅಂಚಿಗೆ ಬರುತ್ತಾಳೆ. ಬ್ರಿಗ್ಸ್ ಪಾತ್ರವನ್ನು ಮೊದಲು ನೋಡಿದವರಿಗೆ ಆ ಮುಖ ತರುವ ಭಾರವೇ ಬೇರೆ. ಟ್ವಿನ್ ಪೀಕ್ಸ್ ಮೊದಲಿರಲಿ ಎಂಬುದಕ್ಕೆ ಇದೂ ಒಂದು ಕಾರಣ.

ಉತ್ತರ – ಹಿರಿಯೂರು

ಹೋಲಿಕೆಗಳನ್ನು ಹುಡುಕುವಾಗ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ಎಕ್ಸ್ ಫೈಲ್ಸ್ ಸೃಷ್ಟಿಸಿದ ಕ್ರಿಸ್ ಕಾರ್ಟರ್ ತಮಗೆ ಮುಖ್ಯ ಪ್ರೇರಣೆಯೆಂದು ಹೇಳಿಕೊಂಡಿರುವುದು 1974–75ರ ‘ಕೋಲ್ಚಾಕ್: ದಿ ನೈಟ್ ಸ್ಟಾಕರ್’ ಎಂಬ ಧಾರಾವಾಹಿಯನ್ನು, ಎಲ್ಲವನ್ನೂ ಟ್ವಿನ್ ಪೀಕ್ಸ್‌ನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಎರಡನೆಯದು, ಆ ಒದ್ದೆ ಕಾಡು, ಮಂಜು, ಎತ್ತರದ ಫರ್ ಮರಗಳ ಹೋಲಿಕೆಗೆ ಒಂದು ಪಾಲು ಭೂಗೋಳವೇ ಕಾರಣ. ಟ್ವಿನ್ ಪೀಕ್ಸ್‌ನ ಹೊರಾಂಗಣ ದೃಶ್ಯಗಳು ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಸುತ್ತಮುತ್ತ ಚಿತ್ರಿತವಾದವು. ಎಕ್ಸ್ ಫೈಲ್ಸ್‌ನ ಮೊದಲ ಐದು ಸೀಸನ್ನುಗಳು ಅಲ್ಲಿಂದ ಉತ್ತರಕ್ಕೆ, ಗಡಿಯಾಚೆ, ಕೆನಡಾದ ವ್ಯಾಂಕೂವರ್‌ನಲ್ಲಿ. ಮಳೆಗಾಲದಲ್ಲಿ ಜೋಗಿಮಟ್ಟಿ ಹತ್ತಿದವರಿಗೆ ಮಂಜಿನೊಳಗೆ ಪರಿಚಿತ ಗಿಡವೂ ಅಪರಿಚಿತವಾಗಿ ಕಾಣುವಂತೆ, ಆ ನಾಡೇ ಕಥೆಗೆ ಅರ್ಧ ಭಯವನ್ನು ಒದಗಿಸಿದೆ.

ನಿಜವಾದ ಚರ್ಚೆ ಗುಟ್ಟನ್ನು ಕಾಯುವ ಬಗೆಯ ಮೇಲೆ ನಡೆಯಲಿ. ಲಾರಾಳ ಕೊಲೆಗಾರ ಯಾರೆಂದು ಹೇಳಿಬಿಡಬೇಕೆಂದು ಟ್ವಿನ್ ಪೀಕ್ಸ್ ಪ್ರಸಾರ ಮಾಡುತ್ತಿದ್ದ ಎಬಿಸಿ ವಾಹಿನಿ ಒತ್ತಾಯಿಸಿತು. ಅದನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಡೇವಿಡ್ ಲಿಂಚ್ ಅವರಿಗೆ ಅದು ಇಷ್ಟವಿರಲಿಲ್ಲ. 1990ರ ನವೆಂಬರ್‌ನಲ್ಲಿ ಉತ್ತರ ಹೊರಬಿತ್ತು, 1991ರ ಜೂನ್ 10ಕ್ಕೆ ಧಾರಾವಾಹಿಯೇ ನಿಂತಿತು. ಎಕ್ಸ್ ಫೈಲ್ಸ್ ಒಂದೇ ಪ್ರಶ್ನೆಯ ಮೇಲೆ ಎಲ್ಲ ಭಾರವನ್ನೂ ಹಾಕಲಿಲ್ಲ. ವಾರಕ್ಕೊಂದು ಬಿಡಿ ಪ್ರಕರಣ, ನಡುನಡುವೆ ಮಲ್ಡರ್‌ನ ಕಾಣೆಯಾದ ತಂಗಿಯ, ಅನ್ಯಲೋಕದವರ ದೀರ್ಘ ಕಥೆ. ಹೀಗಾಗಿ ಅದು 2002ರವರೆಗೆ, ಒಂಬತ್ತು ಸೀಸನ್ ನಡೆಯಿತು. ಬಾಳಿಕೆಯಲ್ಲಿ ಎಕ್ಸ್ ಫೈಲ್ಸ್ ಗೆದ್ದಿತು. ಆದರೆ ಒಬ್ಬ ಹುಡುಗಿಯ ಸಾವಿಗಾಗಿ ಇಡೀ ಊರು ಅಳುವ ಆ ಮೊದಲ ಕಂತಿನ ದುಃಖವನ್ನು ಅದು ಎಂದೂ ಮುಟ್ಟಲಿಲ್ಲ ಎಂದೇ ನನಗೆ ಅನಿಸುತ್ತದೆ.

ಉತ್ತರ – ಚಿತ್ರದುರ್ಗ (ಮೊದಲು ಬರೆದವರು)

ಹಿರಿಯೂರಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಹಾಗಾದರೆ ಸರ್, ಕ್ರಮ ಹೀಗಿರಲಿ: ಎರಡರ ಮೊದಲ ಕಂತುಗಳು, ಬಳಿಕ ಟ್ವಿನ್ ಪೀಕ್ಸ್ ಬ್ರಿಗ್ಸ್‌ನ ಕಾಗದದ ದೃಶ್ಯದವರೆಗೆ, ಆಮೇಲೆ ‘ಬಿಯಾಂಡ್ ದಿ ಸೀ’ ಮತ್ತು ‘ಹಂಬಗ್’. ಟ್ವಿನ್ ಪೀಕ್ಸ್‌ನ ಕಥೆಗೆ ಸೇರಿದ 1992ರ ಚಲನಚಿತ್ರವನ್ನು ಮಾತ್ರ ಎರಡನೆಯ ಸೀಸನ್ ಮುಗಿಯುವ ಮೊದಲು ತೋರಿಸಬೇಡಿ. ಲಾರಾಳ ಕೊನೆಯ ದಿನಗಳನ್ನು ಹೇಳುವ ಅದರಲ್ಲಿ ಕೊಲೆಗಾರನ ಗುಟ್ಟು ಬಯಲಾಗುತ್ತದೆ.